ಕ್ಯಾರವಾನ್‌ನಲ್ಲಿ ನೀರು ಬರ್ತಿಲ್ವಾ? ಪಂಪ್ ಬದಲಿಸುವ ಮುಂಚೆ ಟ್ಯಾಂಕ್‌ನಿಂದ ನಲ್ಲಿವರೆಗೆ ಹೀಗೆ ಹುಡುಕಿ

ಡಿಸೆಂಬರ್ ಬಂತೆಂದರೆ ಆನೆಗೊಂದಿ, ಸಾಣಾಪುರದ ಕಡೆ ಬಾಡಿಗೆ ಕ್ಯಾರವಾನ್‌ಗಳು, ಒಳಗೆ ಅಡುಗೆಕಟ್ಟೆ-ಹಾಸಿಗೆ ಹಾಕಿಸಿಕೊಂಡ ಟೆಂಪೋ ಟ್ರಾವೆಲರ್‌ಗಳು ಬಂದು ನಿಲ್ಲುತ್ತವೆ. ಅದರಲ್ಲಿ ಕೆಲವು ಗಂಗಾವತಿಯ ಗ್ಯಾರೇಜಿಗೂ ಬರುತ್ತವೆ. ದೂರು ಹೆಚ್ಚುಕಮ್ಮಿ ಒಂದೇ: ನಲ್ಲಿಯಲ್ಲಿ ನೀರಿಲ್ಲ, ಇಲ್ಲವೇ ಪಂಪ್ ನಿಲ್ಲುತ್ತಿಲ್ಲ. ಉತ್ತರವೂ ಒಂದೇ: "ಪಂಪ್ ಹೋಗೈತ್ರಿ ಸರ್, ಹೊಸಾದು ಹಾಕಿಬಿಡ್ರಿ." ಹೊಸದು ಹಾಕಿದ ಮೇಲೂ ಅದೇ ಕಥೆ.

ಪಂಪ್ ಮೇಲೆ ಅನುಮಾನ ಕೊನೆಗೆ ಬರಬೇಕು. ಅದಕ್ಕಿಂತ ಮುಂಚೆ ನೋಡಬೇಕಾದದ್ದು ಬಹಳ ಇದೆ, ಮತ್ತು ಅದರಲ್ಲಿ ಹೆಚ್ಚಿನದಕ್ಕೆ ಖರ್ಚೇ ಇಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವೆ ಒಂದನ್ನು ಹಾರಿದರೆ ಮುಂದಿನ ಹಂತದ ಉತ್ತರ ನಂಬುವ ಹಾಗಿರುವುದಿಲ್ಲ.

## ಮೊದಲು ನೀರಿನ ದಾರಿ ನೋಡಿಕೊಳ್ಳಿ

ಗಾಡಿಯ ಪಕ್ಕದಲ್ಲಿರುವ ಬಾಯಿಯಿಂದ ನೀರು ಟ್ಯಾಂಕಿಗೆ ಹೋಗುತ್ತದೆ. ಟ್ಯಾಂಕಿನ ಮೇಲ್ಭಾಗದಿಂದ ಸಣ್ಣ ಗಾಳಿ ಪೈಪ್ ಒಂದು ಹೊರಗೆ ಹೋಗಿರುತ್ತದೆ. ಕೆಳಗಿನಿಂದ ಹೊರಟ ಪೈಪ್ ಮೊದಲು ಜಾಲರಿ ಫಿಲ್ಟರ್‌ಗೆ, ಅಲ್ಲಿಂದ 12 ವೋಲ್ಟ್ ಪಂಪಿಗೆ ಬರುತ್ತದೆ. ಪಂಪ್ ದಾಟಿದ ಮೇಲೆ ಒಂದು ಟೀ, ಅಂದರೆ ಮೂರು ಬಾಯಿಯ ಜಾಯಿಂಟ್. ಒಂದು ಕವಲು ತಣ್ಣೀರಿನ ನಲ್ಲಿಗಳಿಗೆ, ಇನ್ನೊಂದು ಗೀಸರ್‌ಗೆ. ಕೆಲವು ಗಾಡಿಗಳಲ್ಲಿ ಪಂಪ್ ಆದ ಮೇಲೆ ಚಿಕ್ಕ ಒತ್ತಡದ ಡಬ್ಬಿಯೂ ಇರುತ್ತದೆ. ಹೊರಗಿನ ನಲ್ಲಿಯನ್ನು ನೇರವಾಗಿ ಜೋಡಿಸುವ ಬಾಯಿ ಇದ್ದರೆ ಅದೂ ಪಂಪ್ ಆದ ಮೇಲೆಯೇ ಬಂದು ಸೇರುತ್ತದೆ.

ಈ ದಾರಿಯನ್ನು ಎರಡು ಪಾಲು ಮಾಡಿಕೊಳ್ಳಿ. ಟ್ಯಾಂಕ್‌ನಿಂದ ಪಂಪ್‌ವರೆಗೆ ಎಳೆಯುವ ಕಡೆ. ಪಂಪ್‌ನಿಂದ ನಲ್ಲಿವರೆಗೆ ತಳ್ಳುವ ಕಡೆ. ತಳ್ಳುವ ಕಡೆ ಸೋರಿದರೆ ನೀರು ಹೊರಗೆ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ಎಳೆಯುವ ಕಡೆ ಸಡಿಲವಾದರೆ ಎಷ್ಟೋ ಸಲ ಒಂದು ಹನಿಯೂ ಬೀಳುವುದಿಲ್ಲ. ಬದಲಿಗೆ ಗಾಳಿ ಒಳಗೆ ನುಗ್ಗುತ್ತದೆ. ಎಳನೀರಿನ ಸ್ಟ್ರಾ ಮಧ್ಯದಲ್ಲಿ ಸೀಳಿದ್ದರೆ ಎಷ್ಟು ಹೀರಿದರೂ ಬಾಯಿಗೆ ಬರೀ ಗಾಳಿ ಬರುತ್ತದಲ್ಲ, ಹಾಗೆ. "ಎಲ್ಲೂ ಸೋರ್ತಿಲ್ಲ ಸರ್" ಎಂದು ಗ್ಯಾರೇಜಿನವರು ಹೇಳುವುದು ಇದೇ ಕಾರಣಕ್ಕೆ. ಅವರು ನೀರು ಹುಡುಕುತ್ತಿದ್ದಾರೆ, ಹುಡುಕಬೇಕಾದದ್ದು ಗಾಳಿ.

ಇನ್ನು ಒತ್ತಡ. ನಮ್ಮ ಕಡೆ ಎಲ್ಲರೂ ಕೆಜಿಯಲ್ಲಿ (ಒಂದು ಚದರ ಸೆಂ.ಮೀ. ಮೇಲೆ ಬೀಳುವ ಭಾರ) ಹೇಳುವುದರಿಂದ ಅದರಲ್ಲೇ ನೋಡೋಣ. ಮನೆ ಮೇಲಿನ ಟ್ಯಾಂಕ್ ನಲ್ಲಿಗಿಂತ 3 ಮೀಟರ್ ಎತ್ತರ ಇದ್ದರೆ ನಲ್ಲಿಯಲ್ಲಿ ಸಿಗುವುದು ಸುಮಾರು 0.3 ಕೆಜಿ. ಕ್ಯಾರವಾನ್ ಪಂಪ್ 40 ಪಿಎಸ್‌ಐ ಎಂದರೆ ಸುಮಾರು 2.8 ಕೆಜಿ. ಒಂಬತ್ತು ಪಟ್ಟು ಜಾಸ್ತಿ. ಮನೆಯಲ್ಲಿ ವರ್ಷಗಟ್ಟಲೆ ಸುಮ್ನೆ ಇರುವ ಜಾಯಿಂಟ್, ಗಾಡಿಯಲ್ಲಿ ತಿಂಗಳೊಳಗೆ ಕೈ ಕೊಡುವುದು ಇದಕ್ಕೇ. ಮೇಲಿನಿಂದ ನಮ್ಮ ರಸ್ತೆಗಳ ಕುಲುಕಾಟ ಬೇರೆ.

## ಕೈಯಲ್ಲಿ ಏನೇನು ಇರಬೇಕು

ಮಲ್ಟಿಮೀಟರ್, ಟಾರ್ಚ್, ಲೀಟರ್ ಗುರುತಿರುವ ಬಕೆಟ್, ಸ್ಕ್ರೂಡ್ರೈವರ್, ಒಂದಷ್ಟು ಸ್ಟೀಲ್ ಹೋಸ್ ಕ್ಲಿಪ್, ಟೆಫ್ಲಾನ್ ಟೇಪ್, ಟಿಶ್ಯೂ ಪೇಪರ್. ಜೊತೆಗೆ ಒಂದು ಮೀಟರ್ ಉದ್ದದ, ಒಳಗಿನದು ಕಾಣುವ ದಾರದ ಹೆಣಿಗೆಯ ಪೈಪ್. ಇದು ಗಂಗಾವತಿ, ಕಾರಟಗಿ, ಸಿಂಧನೂರಿನ ಯಾವ ಪೈಪ್ ಅಂಗಡಿಯಲ್ಲಾದರೂ ಸಿಗುತ್ತದೆ. ಒಳವ್ಯಾಸ ಅರ್ಧ ಇಂಚಿಗಿಂತ ಕಮ್ಮಿ ಇರಬಾರದು.

ಭತ್ತದ ಸೀಮೆಯಲ್ಲಿ ಒಂದು ಅಡ್ಡದಾರಿ ಚಾಲ್ತಿಯಲ್ಲಿದೆ. ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್‌ನ ಪಂಪ್ ಕೂಡ 12 ವೋಲ್ಟಿನದೇ, ರಬ್ಬರ್ ಪೊರೆ ಆಡಿ ನೀರು ತಳ್ಳುವ ಅದೇ ಡಯಾಫ್ರಾಮ್ ಜಾತಿಯದೇ. ಹಾಗಾಗಿ ತುರ್ತಿಗೆ ಅದನ್ನೇ ಕೂರಿಸುತ್ತಾರೆ. ಹೊಸ ಪಂಪ್ ಆದರೆ ಒಂದೆರಡು ದಿನ ಪಾತ್ರೆ ತೊಳೆಯಲು ನಡೆದೀತು. ನೀರು ಮಾತ್ರ ತೆಳ್ಳಗೆ ಬರುತ್ತದೆ, ಏಕೆಂದರೆ ಅದನ್ನು ಮಾಡಿರುವುದು ಸಿಂಪಡಿಸಲಿಕ್ಕೆ. ಹೊಲದಲ್ಲಿ ಬಳಸಿದ ಪಂಪ್, ಪೈಪ್, ಕ್ಯಾನ್ ಯಾವುದನ್ನೂ ಎಷ್ಟೇ ತೊಳೆದರೂ ಗಾಡಿಯ ನೀರಿಗೆ ಮುಟ್ಟಿಸಬೇಡಿ. ಇದರಲ್ಲಿ ರಾಜಿ ಇಲ್ಲ.

## ಹಂತ 1: ಟ್ಯಾಂಕಿನಲ್ಲಿ ನಿಜವಾಗಿ ನೀರಿದೆಯಾ?

ನಗಬೇಡಿ. ಗೇಜ್ ಅರ್ಧ ತೋರಿಸುತ್ತಿದೆ, ಟ್ಯಾಂಕ್ ಖಾಲಿ: ಇದು ನಮ್ಮ ಕಡೆ ತೀರಾ ಸಾಮಾನ್ಯ. ಬೋರ್‌ವೆಲ್‌ನ ಗಡಸು ನೀರು ಸೆನ್ಸರ್ ಕಡ್ಡಿಗಳ ಮೇಲೆ ಬಿಳಿ ಪದರ ಕಟ್ಟುತ್ತದೆ. ಹಸಿ ಇರುವವರೆಗೂ ಆ ಪದರದ ಮೂಲಕ ಕರೆಂಟ್ ಹರಿದು ಗೇಜ್ ಸುಳ್ಳು ಹೇಳುತ್ತದೆ. ತೇಲುವ ಬುರುಡೆ ಇರುವ ಗೇಜ್ ಆದರೆ ಬುರುಡೆಯೇ ಸಿಕ್ಕಿಕೊಂಡಿರಬಹುದು.

ಟ್ಯಾಂಕಿನ ಪಕ್ಕವನ್ನು ಕೈಯಿಂದ ತಟ್ಟಿ. ತುಂಬಿರುವ ಜಾಗದ ಸದ್ದೇ ಬೇರೆ. ಮುಚ್ಚಳ ತೆರೆಯಲು ಬಂದರೆ ಟಾರ್ಚ್ ಹಾಕಿ ನೋಡಿ. ಇನ್ನೂ ಅನುಮಾನ ಇದ್ದರೆ ಬಕೆಟ್‌ನಿಂದ 20 ಲೀಟರ್ ಅಳೆದು ಸುರಿಯಿರಿ, ಆಮೇಲೆ ಮುಂದಿನ ಮಾತು.

ಗಾಡಿ ನಿಂತ ಜಾಗವನ್ನೂ ನೋಡಿ. ಆನೆಗೊಂದಿ ಸುತ್ತ ಬಂಡೆಗಳ ಮಧ್ಯೆ ಸಮತಟ್ಟು ಜಾಗ ಸಿಗುವುದು ಕಷ್ಟ. ನೀರು ಹೊರಹೋಗುವ ಬಾಯಿ ಇರುವ ಕಡೆ ಗಾಡಿ ಮೇಲಾಗಿ ನಿಂತಿದ್ದರೆ, ಟ್ಯಾಂಕಿನಲ್ಲಿ ಕಾಲು ಭಾಗ ನೀರಿದ್ದರೂ ಪಂಪಿಗೆ ಸಿಗುವುದು ಗಾಳಿಯೇ. ಚಕ್ರದ ಕೆಳಗೆ ಹಲಗೆ ಇಟ್ಟು ಸಮ ಮಾಡಿ ಮತ್ತೆ ಪರೀಕ್ಷಿಸಿ. ತಳದ ಕೆಸರು ಬರದಿರಲಿ ಎಂದು ಎಳೆಯುವ ಬಾಯಿಯನ್ನು ಸ್ವಲ್ಪ ಮೇಲೆ ಇಟ್ಟಿರುತ್ತಾರೆ. ಹಾಗಾಗಿ ಕೊನೆಯ ಕೆಲವು ಲೀಟರ್ ಎಂದೂ ಬರುವುದಿಲ್ಲ. ಅದು ದೋಷವಲ್ಲ.

## ಹಂತ 2: ಗಾಳಿ ಪೈಪ್

ಇದನ್ನು ಯಾರೂ ನೋಡುವುದಿಲ್ಲ. ನೀರು ಒಳಗೆ ಹೋಗಬೇಕಾದರೆ ಗಾಳಿ ಹೊರಗೆ ಬರಬೇಕು. ನೀರು ಹೊರಗೆ ಬರಬೇಕಾದರೆ ಗಾಳಿ ಒಳಗೆ ಹೋಗಬೇಕು. ಈ ಸಣ್ಣ ಪೈಪ್ ಕಟ್ಟಿದರೆ ಎರಡೂ ನಿಲ್ಲುತ್ತವೆ.

ಗುರುತು ಹೀಗಿರುತ್ತದೆ. ನೀರು ತುಂಬಿಸುವಾಗ ಗಳಗಳ ಎಂದು ಬಾಯಿಯಿಂದ ವಾಪಸ್ ಉಗುಳುತ್ತದೆ. ಅರ್ಧ ತುಂಬುವ ಮೊದಲೇ ತುಂಬಿದ ಹಾಗೆ ಕಾಣುತ್ತದೆ. ನಲ್ಲಿ ಬಿಟ್ಟಾಗ ಮೊದಲು ಚೆನ್ನಾಗಿ ಬಂದ ನೀರು ಬರಬರುತ್ತಾ ಸಣ್ಣದಾಗುತ್ತದೆ. ಪ್ಲಾಸ್ಟಿಕ್ ಟ್ಯಾಂಕ್ ಆದರೆ ಪಕ್ಕಗಳು ಒಳಕ್ಕೆ ಸೊಟ್ಟಗಾಗುತ್ತವೆ. ಪರೀಕ್ಷೆ ಸುಲಭ: ಪಂಪ್ ಓಡುತ್ತಿರುವಾಗಲೇ ತುಂಬಿಸುವ ಬಾಯಿಯ ಮುಚ್ಚಳ ತೆಗೆಯಿರಿ. "ಸುಸ್" ಎಂದು ಗಾಳಿ ಒಳಗೆ ಎಳೆದು, ನಲ್ಲಿಯಲ್ಲಿ ನೀರು ಜೋರಾದರೆ ಗಾಳಿ ಪೈಪ್ ಕಟ್ಟಿದೆ ಎಂದೇ ಅರ್ಥ.

ಕಟ್ಟುವುದು ಯಾಕೆ? ಒಂದು, ಕಣಜ. ಹೊರಗಿನ ಬಾಯಿಗೆ ಜಾಲರಿ ಇಲ್ಲದಿದ್ದರೆ ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಅದು ಹೇಳಿ ಮಾಡಿಸಿದ ಜಾಗ. ಗಾಡಿ ಕೆಲವು ವಾರ ನಿಂತಿದ್ದರೆ ಸಾಕು, ಬೆರಳುದ್ದ ಒಣಮಣ್ಣು, ಒಳಗೆ ಮರಿಗೆಂದು ತಂದಿಟ್ಟ ಜೇಡಗಳ ಸಮೇತ, ಪೈಪಿನ ಬಾಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮೋಟಾರ್‌ಸೈಕಲ್ ಕ್ಲಚ್ ವೈರಿನಿಂದ ಹೊರಕ್ಕೆ ಕೆದಕಿ. ಒಳಕ್ಕೆ ದೂಡಿದರೆ ಆ ಮಣ್ಣು ಟ್ಯಾಂಕಿಗೆ ಬೀಳುತ್ತದೆ. ಆಮೇಲೆ ಸಣ್ಣ ಸ್ಟೀಲ್ ಜಾಲರಿ ಕಟ್ಟಿ.

ಎರಡು, ಪೈಪ್ ಜೋತು ಬಿದ್ದಿರುವುದು. ನಡುವೆ ತಗ್ಗಾದ ಕಡೆ ನೀರು ನಿಂತು ಗಾಳಿಗೆ ದಾರಿ ಮುಚ್ಚುತ್ತದೆ. ಟ್ಯಾಂಕ್‌ನಿಂದ ಹೊರಗಿನವರೆಗೂ ಪೈಪ್ ಏರುತ್ತಲೇ ಹೋಗುವ ಹಾಗೆ ಕ್ಲಿಪ್ ಹಾಕಿ ಕಟ್ಟಿ.

ಗಾಡಿ ಓಡುವಾಗ ನೀರು ತಾನಾಗಿ ಖಾಲಿಯಾಗುವ ದೂರಿಗೂ ಇಲ್ಲೇ ಉತ್ತರ. ಟ್ಯಾಂಕ್ ಪೂರ್ತಿ ತುಂಬಿ ಹೊರಟಾಗ ಕುಲುಕಾಟಕ್ಕೆ ನೀರು ಗಾಳಿ ಪೈಪಿಗೆ ನುಗ್ಗುತ್ತದೆ. ಅದರ ಹೊರಬಾಯಿ ಟ್ಯಾಂಕಿಗಿಂತ ಕೆಳಗಿದ್ದರೆ ಸೈಫನ್ ಶುರುವಾಗಿ ಹರಿಯುತ್ತಲೇ ಇರುತ್ತದೆ. ಹೊರಬಾಯಿಯನ್ನು ಟ್ಯಾಂಕಿನ ನೆತ್ತಿಗಿಂತ ಮೇಲೆ ತನ್ನಿ.

## ಹಂತ 3: ಕರೆಂಟ್

ಸ್ವಿಚ್ ಹಾಕಿದರೂ ಪಂಪ್ ಸದ್ದೇ ಮಾಡದಿದ್ದರೆ ಮೊದಲು ಫ್ಯೂಸ್. ಸುಟ್ಟಿದ್ದರೆ ಪಂಪಿನ ಲೇಬಲ್ ಮೇಲೆ ಬರೆದ ಆಂಪಿಯರಿನದನ್ನೇ ಹಾಕಿ. ದೊಡ್ಡದು ಹಾಕಿ "ಇನ್ನು ಸುಡಲ್ಲ" ಎಂದರೆ, ಮುಂದೆ ಸುಡುವುದು ವೈರು.

ನಂತರ ಪಂಪಿನ ಎರಡು ವೈರುಗಳ ಮೇಲೆಯೇ ವೋಲ್ಟೇಜ್ ಅಳೆಯಿರಿ, ಅದೂ ನಲ್ಲಿ ಬಿಟ್ಟು ಪಂಪ್ ಓಡುತ್ತಿರುವಾಗ. ಪಂಪ್ ನಿಂತಾಗ ಅಳೆದು 12.6 ಬಂತು ಎಂದರೆ ಏನೂ ಗೊತ್ತಾಗುವುದಿಲ್ಲ. ಓಡುವಾಗ 11.5ಕ್ಕಿಂತ ಕೆಳಗೆ ಬಂದರೆ ಬ್ಯಾಟರಿ ಸೋತಿದೆ, ಇಲ್ಲವೇ ವೈರು ತೆಳ್ಳಗಿದೆ.

ವೈರಿನ ಲೆಕ್ಕ ನೋಡಿ. ಬ್ಯಾಟರಿ 5 ಮೀಟರ್ ದೂರ ಇದ್ದರೆ ಹೋಗಿ ಬರುವ ವೈರು 10 ಮೀಟರ್. ಪಂಪ್ 7 ಆಂಪಿಯರ್ ಎಳೆದರೆ 1 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಸುಮಾರು 1.3 ವೋಲ್ಟ್ ದಾರಿಯಲ್ಲೇ ಕಳೆಯುತ್ತದೆ. 2.5 ಚದರ ಮಿ.ಮೀ. ಹಾಕಿದರೆ ಕಳೆಯುವುದು ಅರ್ಧ ವೋಲ್ಟ್ ಮಾತ್ರ. ಮನೆ ವೈರಿಂಗ್ ಮಾಡುವವರು 230 ವೋಲ್ಟಿನ ಅಭ್ಯಾಸದಲ್ಲಿ ತೆಳ್ಳಗಿನ ವೈರು ಎಳೆದಿರುತ್ತಾರೆ. ಅಲ್ಲಿ ಒಂದು ವೋಲ್ಟ್ ಹೋದರೆ ಗೊತ್ತೂ ಆಗಲ್ಲ, ಇಲ್ಲಿ ಪಂಪ್ ಉಸಿರು ಬಿಡುತ್ತದೆ.

ವೋಲ್ಟೇಜ್ ಕಮ್ಮಿಯಾದರೆ ಇನ್ನೊಂದು ವಿಚಿತ್ರ ನಡೆಯುತ್ತದೆ. ಪಂಪ್ ತನ್ನ ನಿಲ್ಲುವ ಒತ್ತಡ ಮುಟ್ಟುವುದೇ ಇಲ್ಲ, ಹಾಗಾಗಿ ನಲ್ಲಿ ಮುಚ್ಚಿದರೂ ಓಡುತ್ತಲೇ ಇರುತ್ತದೆ. ಜನ ಸೋರಿಕೆ ಹುಡುಕುತ್ತಾ ಗಾಡಿಯ ಒಳಗೋಡೆ ಬಿಚ್ಚುತ್ತಾರೆ. ಇಂಜಿನ್ ಶುರು ಮಾಡಿ, ಬ್ಯಾಟರಿ ಚಾರ್ಜ್ ಆಗುತ್ತಿರುವಾಗ ನೋಡಿ. ಆಗ ಪಂಪ್ ಸರಿಯಾಗಿ ನಿಂತರೆ ದೋಷ ನೀರಿನದಲ್ಲ, ಕರೆಂಟಿನದು.

ವೋಲ್ಟೇಜ್ ಸರಿ ಇದ್ದು ಪಂಪ್ ಸತ್ತಂತಿದ್ದರೆ, ಅದರ ತಲೆಯ ಮೇಲಿನ, ಒತ್ತಡ ನೋಡಿ ಪಂಪ್ ಶುರು ಮಾಡುವ-ನಿಲ್ಲಿಸುವ ಪ್ರೆಶರ್ ಸ್ವಿಚ್‌ನ ಎರಡು ತುದಿಗಳನ್ನು ಒಂದು ಕ್ಷಣ ವೈರಿನಿಂದ ಸೇರಿಸಿ. ಆಗ ಓಡಿದರೆ ಕೆಟ್ಟಿರುವುದು ಸ್ವಿಚ್. ಈ ಪರೀಕ್ಷೆ ನಲ್ಲಿ ತೆರೆದಿರುವಾಗ ಮಾತ್ರ. ಹಾಗೆಯೇ ಸೇರಿಸಿ ಬಿಟ್ಟರೆ ಪಂಪಿಗೆ ನಿಲ್ಲುವ ದಾರಿ ಇರಲ್ಲ, ಎಲ್ಲೋ ಒಂದು ಜಾಯಿಂಟ್ ಹಾರುತ್ತದೆ.

## ಹಂತ 4: ಬಕೆಟ್ ಪರೀಕ್ಷೆ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುತ್ತೇನೆ ಅಂದರೆ ಇದನ್ನು ಇಟ್ಟುಕೊಳ್ಳಿ. ಪಂಪ್ ಓಡುತ್ತಿದೆ, ನೀರು ಬರುತ್ತಿಲ್ಲ ಅಥವಾ ತಪತಪ ಎಂದು ಗಾಳಿ ಸೇರಿ ಬರುತ್ತಿದೆ ಅಂದಾಗ ಮಾಡುವುದು.

ಪಂಪ್ ಬಂದ್ ಮಾಡಿ. ಟ್ಯಾಂಕಿನ ವಾಲ್ವ್ ಮುಚ್ಚಿ. ವಾಲ್ವ್ ಇಲ್ಲದಿದ್ದರೆ ಟ್ಯಾಂಕ್ ಖಾಲಿ ಮಾಡಿಕೊಳ್ಳಿ. ಪಂಪಿನ ಎಳೆಯುವ ಬಾಯಿಯಿಂದ ಹಳೇ ಪೈಪ್ ಬಿಚ್ಚಿ. ಜಾಲರಿ ಫಿಲ್ಟರನ್ನೂ ತೆಗೆಯಿರಿ. ಅಲ್ಲಿಗೆ ನಿಮ್ಮ ಒಂದು ಮೀಟರ್ ಪೈಪನ್ನು ಕ್ಲಿಪ್ ಹಾಕಿ ಬಿಗಿದು, ಇನ್ನೊಂದು ತುದಿಯನ್ನು ಶುದ್ಧ ನೀರಿನ ಬಕೆಟ್‌ನಲ್ಲಿ ಮುಳುಗಿಸಿ. ಹತ್ತಿರದ ನಲ್ಲಿ ತೆರೆದು ಪಂಪ್ ಹಾಕಿ. ಈ ಒಂದೆರಡು ನಿಮಿಷ ಫಿಲ್ಟರ್ ಇಲ್ಲದೆ ಓಡುವುದರಿಂದ ಬಕೆಟ್ ನೀರಿನಲ್ಲಿ ಮರಳಿನ ಕಣವೂ ಇರಬಾರದು.

ಪೈಪ್ ಒಳಗೆ ನೀರು ಏರುವುದು ಕಣ್ಣಿಗೇ ಕಾಣುತ್ತದೆ. ಗುಳ್ಳೆಗಳು ನಿಂತು ನಲ್ಲಿಯಲ್ಲಿ ನೀರು ತುಂಬಿ ಬಂದರೆ ಪಂಪ್ ಗಟ್ಟಿಯಾಗಿದೆ. ದೋಷ ಬಿಚ್ಚಿಟ್ಟ ಭಾಗದಲ್ಲಿ, ಅಂದರೆ ಟ್ಯಾಂಕ್ ಬಾಯಿ, ಪೈಪ್, ಫಿಲ್ಟರ್ ಇವುಗಳಲ್ಲಿ. ಬಕೆಟ್‌ನಿಂದಲೂ ಎಳೆಯದಿದ್ದರೆ ಆಗ ಪಂಪ್ ಬಿಚ್ಚಬಹುದು. ಆಗಲೂ ಹೊಸದು ತರಬೇಡಿ. ಪಂಪಿನ ಮುಂಭಾಗದ ತಲೆ ತೆಗೆದರೆ ಒಳಗೆ ರಬ್ಬರ್ ವಾಲ್ವುಗಳು ಸಿಗುತ್ತವೆ. ಒಂದು ಮರಳಿನ ಕಣ, ಟ್ಯಾಂಕ್ ಕೊರೆದಾಗ ಉಳಿದ ಪ್ಲಾಸ್ಟಿಕ್ ಸುರುಳಿ ಸಿಕ್ಕಿಕೊಂಡರೂ ಅವು ಪೂರ್ತಿ ಮುಚ್ಚುವುದಿಲ್ಲ. ತೊಳೆದು ಹಾಗೇ ಕೂರಿಸಿ. ಬಿಚ್ಚುವಾಗ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳುವುದು ಮರೀಬೇಡಿ.

ಬಕೆಟ್‌ನಿಂದ ಬಂತು ಅಂದುಕೊಳ್ಳಿ. ಈಗ ಬಿಚ್ಚಿದ್ದನ್ನು ಒಂದೊಂದೇ ಸೇರಿಸುತ್ತಾ ಬನ್ನಿ. ಮೊದಲು ಫಿಲ್ಟರ್ ಹಾಕಿ ಬಕೆಟ್‌ನಿಂದ ಎಳೆಯಿರಿ. ಅದರ ಪಾರದರ್ಶಕ ಬಟ್ಟಲಿನ ಅಂಚಿನಲ್ಲಿ ಓ ರಿಂಗ್ ಎಂಬ ರಬ್ಬರ್ ಬಳೆ ಇರುತ್ತದೆ. ಗಾಳಿ ನುಗ್ಗುವ ಮೊದಲ ಜಾಗ ಅದೇ. ಬಟ್ಟಲನ್ನು ಸ್ವಚ್ಛ ಮಾಡಿದವರು ರಿಂಗ್ ಮೇಲೆ ಒಂದು ಕಣ ಮಣ್ಣು ಬಿಟ್ಟಿರುತ್ತಾರೆ, ಇಲ್ಲವೇ ರಿಂಗ್ ತಿರುಚಿ ಕೂರಿಸಿರುತ್ತಾರೆ. ಆಹಾರಕ್ಕೆ ಬಳಸುವ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿ. ಗಾಡಿಯ ಗ್ರೀಸ್ ಬೇಡ, ಅದು ಕುಡಿಯುವ ನೀರಿಗೆ ಹೇಳಿದ್ದಲ್ಲ, ರಬ್ಬರನ್ನೂ ಉಬ್ಬಿಸಬಹುದು.

ಆಮೇಲೆ ಹಳೇ ಪೈಪ್. ಮೆತ್ತನೆ ಪೈಪ್ ಬೇಸಿಗೆಯಲ್ಲಿ ಇನ್ನೂ ಮೆತ್ತಗಾಗುತ್ತದೆ. ರಾಯಚೂರಿನ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟಿದಾಗ ಮುಚ್ಚಿದ ಗಾಡಿಯ ಒಳಗೆ ಏನಾಗಿರುತ್ತದೆ ಯೋಚಿಸಿ. ಪಂಪ್ ಎಳೆದಾಗ ಪೈಪಿನ ಗೋಡೆಗಳು ಒಂದಕ್ಕೊಂದು ಅಂಟಿ ದಾರಿ ಮುಚ್ಚುತ್ತದೆ. ಬೆಳಿಗ್ಗೆ ನೀರು ಬರುತ್ತದೆ, ಮಧ್ಯಾಹ್ನ ಬರಲ್ಲ ಎಂಬ ದೂರು ಬಂದರೆ ನಾನು ನೇರ ಈ ಪೈಪನ್ನೇ ಮುಟ್ಟಿ ನೋಡುತ್ತೇನೆ. ದಾರದ ಹೆಣಿಗೆ ಇರುವ ಗಟ್ಟಿ ಪೈಪ್ ಹಾಕಿ. ಪ್ರತಿ ತುದಿಗೂ ಕ್ಲಿಪ್. ಬಿಸಿಯಾಗಿ ತಣ್ಣಗಾಗಿ ಕ್ಲಿಪ್ ಸಡಿಲವಾಗುವುದರಿಂದ ಹೊಸ ಪೈಪಿನ ಕ್ಲಿಪ್ಪನ್ನು ಒಂದು ವಾರ ಬಿಟ್ಟು ಮತ್ತೊಮ್ಮೆ ಬಿಗಿಯಬೇಕು.

ಕೊನೆಗೆ ಟ್ಯಾಂಕ್ ನಿಪ್ಪಲ್, ಅಂದರೆ ಟ್ಯಾಂಕಿಗೆ ಪೈಪ್ ಸೇರುವ ಬಾಯಿ. ಅದರ ರಬ್ಬರ್ ವಾಷರ್ ಟ್ಯಾಂಕಿನ ಸಮತಟ್ಟು ಜಾಗದಲ್ಲಿ ಕೂತಿರಬೇಕು. ಮೂಲೆಯ ತಿರುವಿನಲ್ಲಿ ಕೊರೆದಿದ್ದರೆ ಅದು ಎಂದಿಗೂ ಸರಿಯಾಗಿ ಹಿಡಿಯಲ್ಲ, ಎಂ-ಸೀಲ್ ಮೆತ್ತಿದರೂ ಅಷ್ಟೇ.

## ಹಂತ 5: ಪಂಪ್ ಆಗಾಗ ಗುರ್ ಎನ್ನುವುದು

ಎಲ್ಲ ನಲ್ಲಿ ಮುಚ್ಚಿದೆ. ರಾತ್ರಿ ಮಲಗಿದ್ದೀರಿ. ಹತ್ತು ನಿಮಿಷಕ್ಕೊಮ್ಮೆ ಪಂಪ್ ಒಂದು ಕ್ಷಣ ಗುರ್ ಎಂದು ನಿಲ್ಲುತ್ತದೆ. ಒತ್ತಡ ಎಲ್ಲೋ ಕಳೆಯುತ್ತಿದೆ ಎಂದರ್ಥ. ಎರಡೇ ಸಾಧ್ಯತೆ: ತಳ್ಳುವ ಕಡೆ ಎಲ್ಲೋ ನೀರು ಸೋರುತ್ತಿದೆ, ಇಲ್ಲವೇ ಪಂಪಿನ ಒಳಗಿನ ಎನ್‌ಆರ್‌ವಿ (ನೀರನ್ನು ಹಿಂದಕ್ಕೆ ಬಿಡದ ವಾಲ್ವ್) ಹಿಡಿಯದೆ ನೀರು ಟ್ಯಾಂಕಿಗೆ ವಾಪಸ್ ಹೋಗುತ್ತಿದೆ.

ಬೇರ್ಪಡಿಸುವುದು ಹೇಗೆ? ಪಂಪಿನ ಹೊರಬಾಯಿಯ ಪಕ್ಕದಲ್ಲೇ ಒಂದು ಬಾಲ್ ವಾಲ್ವ್ ಹಾಕಿಸಿ. ಒಂದು ಸಲದ ಖರ್ಚು, ಜೀವನಪೂರ್ತಿ ಉಪಯೋಗ. ಅದನ್ನು ಮುಚ್ಚಿ ಪಂಪ್ ಹಾಕಿ, ಅದು ನಿಂತ ಮೇಲೆ ಕಾಯಿರಿ. ಆಗಲೂ ಗುರ್ ಎಂದರೆ ಪಂಪಿನ ಎನ್‌ಆರ್‌ವಿ. ಸುಮ್ಮನಿದ್ದರೆ ಸೋರಿಕೆ ವಾಲ್ವಿನಿಂದ ಮುಂದೆ.

ಮುಂದೆ ಎಂದಾದರೆ ಪ್ರತಿ ಜಾಯಿಂಟಿನ ಕೆಳಗೆ ಟಿಶ್ಯೂ ತುಂಡು ಇಟ್ಟು ಒಂದು ಗಂಟೆ ಬಿಡಿ. ಕೈಗೆ ಹತ್ತದ ಹಸಿ ಕಾಗದಕ್ಕೆ ಹತ್ತುತ್ತದೆ. ಮೊದಲು ಟಾಯ್ಲೆಟ್ ವಾಲ್ವ್ ನೋಡಿ. ಅಲ್ಲಿ ಸೋರಿದ ನೀರು ಬಟ್ಟಲಿಗೇ ಇಳಿಯುವುದರಿಂದ ನೆಲ ಒಣಗಿಯೇ ಇರುತ್ತದೆ. ನಂತರ ಗೀಸರ್‌ನ ಸೇಫ್ಟಿ ವಾಲ್ವ್, ಹೊರಗಿನ ಶವರ್, ಹೊರನಲ್ಲಿ ಜೋಡಿಸುವ ಬಾಯಿ. ಗೀಸರ್ ಬಿಸಿಯಾಗುವಾಗ ಸೇಫ್ಟಿ ವಾಲ್ವ್‌ನಿಂದ ಒಂದೆರಡು ಹನಿ ಬೀಳುವುದು ಸಹಜ. ಅದನ್ನು ನಿಲ್ಲಿಸಲು ಪ್ಲಗ್ ಹೊಡೆಯಬೇಡಿ. ಗೀಸರ್ ಒಡೆಯದಂತೆ ಕಾಯುತ್ತಿರುವುದೇ ಆ ವಾಲ್ವ್.

ಹೊರಗಿನ ನಲ್ಲಿಗೆ ಜೋಡಿಸಿದಾಗ ಗಾಡಿಯ ಟ್ಯಾಂಕ್ ತಾನಾಗಿ ತುಂಬಿ ಹೊರಚೆಲ್ಲಿದರೆ ಅದೂ ಇದೇ ಎನ್‌ಆರ್‌ವಿಯ ಕೆಲಸ. ಹೊರಗಿನ ನೀರು ಪಂಪಿನ ಮೂಲಕ ಹಿಂದಕ್ಕೆ ಹೋಗುತ್ತಿದೆ.

ಜಾಯಿಂಟ್ ಸರಿ ಮಾಡುವಾಗ ಪ್ಲಂಬರ್‌ಗಳು ಮಾಡುವ ತಪ್ಪು ಒಂದಿದೆ. ಎಲ್ಲದಕ್ಕೂ ಟೆಫ್ಲಾನ್ ಸುತ್ತುವುದು. ಥ್ರೆಡ್ ಮೇಲೆ ಥ್ರೆಡ್ ಕೂತು ಹಿಡಿಯುವ ಜಾಯಿಂಟಿಗೆ ಟೇಪ್ ಸರಿ. ರಬ್ಬರ್ ವಾಷರ್ ಅಥವಾ ಓ ರಿಂಗ್ ಇರುವ ಕಡೆ ಟೇಪ್ ಬೇಕಿಲ್ಲ. ಪಂಪಿನ ಬಾಯಿಗಳಿಗಂತೂ ಟೇಪೂ ಬೇಡ, ಪೇಸ್ಟೂ ಬೇಡ. ಅದರ ಚೂರು ಒಳಗೆ ಹೋಗಿ ಎನ್‌ಆರ್‌ವಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಕೈಯಿಂದ ಬಿಗಿದರೆ ಸಾಕು. ಪೈಪ್ ಪಾನಾ ಹಾಕಿದರೆ ಪ್ಲಾಸ್ಟಿಕ್ ಸೀಳುತ್ತದೆ. ಸಿಪಿವಿಸಿ ಎಂಬ ಬಾಗದ ಪ್ಲಾಸ್ಟಿಕ್ ಪೈಪನ್ನು ಅಂಟು ಹಾಕಿ ಗಾಡಿ ತುಂಬ ಎಳೆಯುವುದೂ ನನಗೆ ಸರಿ ಕಾಣುವುದಿಲ್ಲ. ಮನೆಗೆ ಒಳ್ಳೆಯದು. ಅಲುಗಾಡುವ ಗಾಡಿಯಲ್ಲಿ ಎಲ್ಬೋ ಹತ್ತಿರವೇ ಬಿರುಕು ಬಿಡುತ್ತದೆ.

## ಹಂತ 6: ನಲ್ಲಿ ಬಿಟ್ಟಾಗ ಪಂಪ್ ಟಕ್-ಟಕ್ ಎಂದು ಹೊಡೆದುಕೊಳ್ಳುವುದು

ನೀರು ಹೊರಹೋಗುವ ದಾರಿ ಕಿರಿದಾಗಿದೆ. ನಲ್ಲಿಯ ತುದಿಯ ಜಾಲರಿ ಬಿಚ್ಚಿ ನೋಡಿ, ಬಿಳಿ ಸುಣ್ಣ ಕಟ್ಟಿರುತ್ತದೆ. ವಿನೆಗರ್ ಅಥವಾ ನಿಂಬೆರಸದಲ್ಲಿ ರಾತ್ರಿಯಿಡೀ ನೆನೆಸಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಹೋಗುತ್ತದೆ. ಶವರ್ ತಲೆಗೂ ಇದೇ ಮದ್ದು.

ಒತ್ತಡದ ಡಬ್ಬಿ ಇದ್ದರೆ ಅದರ ಗಾಳಿ ಇಳಿದಿರಬಹುದು. ಪಂಪ್ ಬಂದ್ ಮಾಡಿ, ನಲ್ಲಿ ತೆರೆದು ಒತ್ತಡ ಪೂರ್ತಿ ಇಳಿಸಿ. ಆಮೇಲೆ ಸೈಕಲ್ ಪಂಪ್‌ನಿಂದ ಗಾಳಿ ಹೊಡೆಯಿರಿ. ಪಂಪ್ ಮತ್ತೆ ಶುರುವಾಗುವ ಒತ್ತಡಕ್ಕಿಂತ ಒಂದೆರಡು ಪಿಎಸ್‌ಐ ಕಮ್ಮಿ ಇಡಿ. ಪ್ರೆಶರ್ ಸ್ವಿಚ್‌ನ ಸ್ಕ್ರೂ ತಿರುಗಿಸುವುದು ಇದೆಲ್ಲ ಆದ ಮೇಲಿನ ಮಾತು.

## ಹಂತ 7: ಬಿಸಿನೀರಿನ ಕಡೆ

ತಣ್ಣೀರು ಚೆನ್ನಾಗಿ ಬಂದು ಬಿಸಿನೀರು ಮಾತ್ರ ಸಣ್ಣಗೆ ಬಂದರೆ ಗೀಸರ್‌ನ ಒಳಬಾಯಿ ವಾಲ್ವ್, ಬೈಪಾಸ್ ವಾಲ್ವ್‌ಗಳ ಹಿಡಿ ಯಾವ ಕಡೆ ಇದೆ ನೋಡಿ. ಹೆಚ್ಚಿನ ಸಲ ಅಷ್ಟೇ. ಗೀಸರ್ ತುಂಬದೆ ಕರೆಂಟ್ ಕೊಡಬೇಡಿ, ಕಾಯಿಲ್ ಸುಡುತ್ತದೆ.

ಮನೆ ಬಚ್ಚಲಿಗೆ ಹಾಕುವ ಎಲ್‌ಪಿಜಿ ಗೀಸರನ್ನು ಗಾಡಿ ಒಳಗೆ ಕೂರಿಸಿದ್ದರೆ ತೆಗೆಸಿಬಿಡಿ. ಮುಚ್ಚಿದ ಜಾಗದಲ್ಲಿ ಅದು ಉರಿದಾಗ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ತಲೆನೋವು, ತಲೆಸುತ್ತು ಬಂದರೆ ಮೊದಲು ಬಾಗಿಲು ತೆಗೆದು ಹೊರಗೆ ಬನ್ನಿ.

## ಹಂತ 8: ಯಾವ ನೀರು, ಹೇಗೆ ತುಂಬಿಸುವುದು

ಹೊಲದ ಬೋರ್‌ವೆಲ್ ಮೋಟಾರಿನ ಪೈಪನ್ನು ನೇರವಾಗಿ ಗಾಡಿಗೆ ಜೋಡಿಸಬೇಡಿ. ಮೋಟಾರ್ ಶುರುವಾದಾಗಿನ ಹೊಡೆತಕ್ಕೆ ಗಾಡಿಯ ಪೈಪ್ ತಡೆಯಲ್ಲ, ಮೊದಲ ನೀರಿನ ಜೊತೆ ಮರಳೂ ಬರುತ್ತದೆ. ಮೊದಲು ಡ್ರಮ್ಮಿಗೆ ಬಿಟ್ಟು, ತಿಳಿಯಾದ ಮೇಲೆ ತುಂಬಿಸಿ. ಹೋಮ್‌ಸ್ಟೇ ನಲ್ಲಿಗೆ ಜೋಡಿಸುವುದಾದರೂ ಪ್ರೆಶರ್ ರೆಗ್ಯುಲೇಟರ್ ಇರಲಿ. ಅಲ್ಲಿ ಬೂಸ್ಟರ್ ಪಂಪ್ ಇದೆಯೋ ಇಲ್ಲವೋ ನಿಮಗೆ ಗೊತ್ತಿರಲ್ಲ.

ತುಂಗಭದ್ರಾ ಎಡದಂಡೆ ಕಾಲುವೆ ನೀರು ಕಣ್ಣಿಗೆ ಚೆನ್ನಾಗಿ ಕಂಡರೂ ಟ್ಯಾಂಕಿಗೆ ಬೇಡ. ಹೂಳು ಫಿಲ್ಟರ್ ಕಟ್ಟುತ್ತದೆ, ದಂಡೆಯುದ್ದಕ್ಕೂ ಗದ್ದೆಗಳಿವೆ, ಬಟ್ಟೆ ಒಗೆಯುವುದೂ ದನ ತೊಳೆಯುವುದೂ ಅಲ್ಲೇ.

ಕುಡಿಯಲು ಬೇರೆ ಕ್ಯಾನ್ ಇಡಿ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ಫ್ಲೋರೈಡ್ ಜಾಸ್ತಿ ಇರುವ ಬೋರ್‌ವೆಲ್‌ಗಳಿವೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ಹೇಳುವ ಟಿಡಿಎಸ್ ಮೀಟರ್ ಇದನ್ನು ತೋರಿಸುವುದಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಫ್ಲೋರೈಡ್ ದಟ್ಟವಾಗುತ್ತದೆ. ಇದ್ದಿಲಿನ ಫಿಲ್ಟರ್‌ಗೂ ಅದು ಸಿಗಲ್ಲ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳಿ.

ತೂಕವೂ ನೆನಪಿರಲಿ. 100 ಲೀಟರ್ ನೀರೆಂದರೆ 100 ಕೆಜಿ. ಟ್ಯಾಂಕನ್ನು ಚಾವಣಿ ಮೇಲೆ ಇಟ್ಟು "ಪಂಪೇ ಬೇಡ" ಎನ್ನುವವರಿದ್ದಾರೆ. ತಿರುವಿನಲ್ಲಿ ಗಾಡಿ ವಾಲುತ್ತದೆ, ನೀರು ಕಾದು ಕೈಸುಡುತ್ತದೆ, ಬೆಳಕು ತೂರುವ ಟ್ಯಾಂಕ್ ಆದರೆ ಪಾಚಿ. ಶವರ್‌ನಲ್ಲಿ ಸಿಗುವ ಒತ್ತಡ 0.2 ಕೆಜಿಯೂ ಇಲ್ಲ.

## ಹಂತ 9: ವಾಸನೆ ಬಂದರೆ ಕ್ಲೋರಿನ್ ತೊಳೆತ

ಮೊದಲು ಫಿಲ್ಟರ್ ಕಾರ್ಟ್ರಿಜ್‌ಗಳನ್ನು ಹೊರತೆಗೆಯಿರಿ. ಟ್ಯಾಂಕ್ ಖಾಲಿ ಮಾಡಿ ತಳದ ಕೆಸರು ತೊಳೆಯಿರಿ. ಬೇಕಾದ ಪ್ರಮಾಣ ಲೀಟರಿಗೆ 50 ಮಿ.ಗ್ರಾಂ ಕ್ಲೋರಿನ್. 5 ಶೇಕಡಾದ ಸುವಾಸನೆಯಿಲ್ಲದ ಸೋಡಿಯಂ ಹೈಪೋಕ್ಲೋರೈಟ್ ಆದರೆ 100 ಲೀಟರಿಗೆ 100 ಮಿ.ಲೀ. ಬ್ಲೀಚಿಂಗ್ ಪೌಡರ್ ಆದರೆ, ತಾಜಾ ಇದ್ದಾಗ ಅದರಲ್ಲಿ ಸುಮಾರು 30 ಶೇಕಡಾ ಕ್ಲೋರಿನ್ ಇರುತ್ತದೆ, 100 ಲೀಟರಿಗೆ 17 ಗ್ರಾಂ. ಪೌಡರನ್ನು ಬಕೆಟ್‌ನಲ್ಲಿ ಕಲಸಿ, ಗಸಿ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಹಾಕಿ. ಗಸಿ ಹೋದರೆ ಪಂಪಿಗೆ ಹೊಸ ತಲೆನೋವು.

ಟ್ಯಾಂಕನ್ನು ನೀರಿನಿಂದ ಪೂರ್ತಿ ತುಂಬಿಸಿ. ಬಿಸಿ, ತಣ್ಣೀರು ಎರಡೂ ನಲ್ಲಿಗಳನ್ನು ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು ಮುಚ್ಚಿ. ನಾಲ್ಕು ಗಂಟೆ ಹಾಗೇ ಇರಲಿ. ಸ್ಟೀಲ್ ಟ್ಯಾಂಕ್ ಆದರೆ ರಾತ್ರಿಯಿಡೀ ಬಿಡಬೇಡಿ, ತುಕ್ಕು ಹಿಡಿಯುತ್ತದೆ. ಆಮೇಲೆ ಖಾಲಿ ಮಾಡಿ, ವಾಸನೆ ಹೋಗುವವರೆಗೆ ಹೊಸ ನೀರಿನಿಂದ ತೊಳೆಯಿರಿ. ಟಾಯ್ಲೆಟ್ ಕ್ಲೀನರ್, ಆಸಿಡ್, ಸುಣ್ಣ ತೆಗೆಯಲು ತಂದ ವಿನೆಗರ್ ಯಾವುದೂ ಇದರ ಜೊತೆ ಸೇರಬಾರದು. ವಿಷಗಾಳಿ ಏಳುತ್ತದೆ.

## ಕೊನೆಯ ಪರೀಕ್ಷೆ, ಆಮೇಲೆ ಗಾಡಿ ನಿಲ್ಲಿಸುವುದು

ರಿಪೇರಿ ಮುಗಿಯಿತೇ? ಟ್ಯಾಂಕ್ ಕಾಲು ಭಾಗ ತುಂಬಿಸಿ ಪಂಪ್ ಹಾಕಿ. ಗೀಸರ್ ತುಂಬಲು ಮೊದಲು ಬಿಸಿನೀರಿನ ನಲ್ಲಿ ತೆರೆಯಿರಿ, ಗಾಳಿ ನಿಂತ ಮೇಲೆ ತಣ್ಣೀರಿನದು. ಎಲ್ಲ ಮುಚ್ಚಿದ ಮೇಲೆ ಪಂಪ್ ಕೆಲವೇ ಸೆಕೆಂಡಿನಲ್ಲಿ ನಿಲ್ಲಬೇಕು. ಅರ್ಧ ಗಂಟೆ ಯಾರೂ ನಲ್ಲಿ ಮುಟ್ಟಬಾರದು. ಅಷ್ಟರಲ್ಲಿ ಒಮ್ಮೆಯೂ ಗುರ್ ಎನ್ನದಿದ್ದರೆ ಪಾಸ್. ಗುರ್ ಎಂದರೆ ಹಂತ 5ಕ್ಕೆ ವಾಪಸ್. ಓಡಾಡುವಾಗ, ರಾತ್ರಿ ಗಾಡಿ ಬಿಟ್ಟು ಹೋಗುವಾಗ ಪಂಪ್ ಸ್ವಿಚ್ ಬಂದ್ ಇರಲಿ. ಒಂದು ಪೈಪ್ ಹಾರಿದರೆ ಇಡೀ ಟ್ಯಾಂಕನ್ನು ಅದು ಹಾಸಿಗೆ ಕೆಳಗೆ ಖಾಲಿ ಮಾಡಿಬಿಡುತ್ತದೆ. ಬ್ಯಾಟರಿ, ಇನ್ವರ್ಟರ್ ಹತ್ತಿರ ಹಸಿ ಕಂಡರೆ ಮೊದಲು ಮೇನ್ ಸ್ವಿಚ್ ತೆಗೆಯಿರಿ, ಒರೆಸುವುದು ಆಮೇಲೆ.

ಬೇಸಿಗೆಯಲ್ಲಿ ಎರಡು ವಾರಕ್ಕಿಂತ ಜಾಸ್ತಿ ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ. ಗೀಸರ್ ತಣ್ಣಗಾದ ಮೇಲೆ ಅದರ ನೀರನ್ನೂ ಇಳಿಸಿ. ನಲ್ಲಿಗಳನ್ನು ತೆರೆದಿಟ್ಟು ಪಂಪನ್ನು ಅರ್ಧ ನಿಮಿಷ ಓಡಿಸಿ, ಪೈಪಿನಲ್ಲಿ ಉಳಿದದ್ದು ಬರಲಿ. ಡಯಾಫ್ರಾಮ್ ಪಂಪ್ ಅಷ್ಟು ಹೊತ್ತು ಒಣಗಿ ಓಡಿದರೆ ತೊಂದರೆಯಿಲ್ಲ. ಟ್ಯಾಂಕ್ ಒಳಗೆ ಮುಳುಗಿರುವ ಪಂಪ್ ಇದ್ದರೆ ಮಾತ್ರ ಹೀಗೆ ಮಾಡಬೇಡಿ, ಅದಕ್ಕೆ ನೀರೇ ತಂಪು. ಡ್ರೇನ್ ವಾಲ್ವ್ ತೆರೆದೇ ಬಿಟ್ಟು, "ಡ್ರೇನ್ ತೆರೆದಿದೆ" ಎಂದು ಒಂದು ಚೀಟಿ ಬರೆದು ಗಾಡಿಯ ಕೀಗೆ ಕಟ್ಟಿ.